ಮನೆಯಲ್ಲೇ ಬೇಬಿ ಸಿಟ್ಟಿಂಗ್: ಮೊದಲು ಮಕ್ಕಳ ಲೆಕ್ಕ, ಆಮೇಲೆ ಬೋರ್ಡು

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ತಾಯಂದಿರು ಕೂಸನ್ನು ಬಿಟ್ಟು ಹೋಗುವುದು ಪಕ್ಕದ ಬೀದಿಯ ಪರಿಚಯದವರ ಮನೆಯಲ್ಲಿ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಬಡಾವಣೆಗಳಲ್ಲೂ ಇಂಥ ಮನೆಗಳಿವೆ. ಗೇಟಿಗೆ ‘ಬೇಬಿ ಸಿಟ್ಟಿಂಗ್’ ಎಂದು ಬರೆದ ಒಂದು ರಟ್ಟು, ಒಳಗೆ ಒಬ್ಬರು ಆಂಟಿ, ನಾಲ್ಕಾರು ಮಕ್ಕಳು. ಹೀಗೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆಂದೇ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ಮರುವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಆ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಮನೆಗೆ ಬಂದು ಪರಿಶೀಲಿಸುವ ಅಧಿಕಾರಿ ಮಾತ್ರ ಇಲ್ಲ. ಹಾಗಾಗಿ ಗುಣಮಟ್ಟವನ್ನು ನಡೆಸುವವರೇ ಹಾಕಿಕೊಳ್ಳಬೇಕು, ಅದನ್ನು ಬರೆದು ಗೋಡೆಗೆ ಅಂಟಿಸಬೇಕು.

ಎಷ್ಟು ಮಕ್ಕಳು?

ಬಣ್ಣದ ಗೋಡೆ, ಆಟಿಕೆಗಳೆಲ್ಲ ಆಮೇಲೆ. ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳು ಎಂಬುದೇ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ. 2018ರ ಮಾರ್ಗಸೂಚಿ ಮಗುವೊಂದಕ್ಕೆ ಕನಿಷ್ಠ 10ರಿಂದ 12 ಚದರ ಅಡಿ ಜಾಗ ಹೇಳುತ್ತದೆ. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಮಂಚ, ಬೀರು ನಿಂತ ಜಾಗ ಕಳೆದರೂ ಆರೇಳು ಮಕ್ಕಳು ಹಿಡಿಸುತ್ತಾರೆ ಎಂದು ಲೆಕ್ಕ ಬರುತ್ತದೆ. ಜಾಗದ ಲೆಕ್ಕವನ್ನೇ ನಂಬಿದವರು ಇಲ್ಲಿಯೇ ಎಡವುತ್ತಾರೆ. ಜಾಗಕ್ಕಿಂತ ಮೊದಲು ಸಾಲದಾಗುವುದು ಕೈಗಳು.

ಇಂಗ್ಲೆಂಡಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ನೋಂದಣಿ ಮಾಡಿಸಬೇಕು. ಅಲ್ಲಿನ ಸಾಮಾನ್ಯ ಮಿತಿ ಒಬ್ಬರಿಗೆ ಎಂಟು ವರ್ಷದೊಳಗಿನ ಆರು ಮಕ್ಕಳು. ಅವರಲ್ಲಿ ಐದು ವರ್ಷದೊಳಗಿನವರು ಮೂವರು, ಒಂದು ವರ್ಷದೊಳಗಿನ ಕೂಸು ಒಂದೇ. ಅಡುಗೆ, ಬಟ್ಟೆ, ಬಾಗಿಲಿಗೆ ಬರುವ ಹಾಲು-ಸಿಲಿಂಡರ್ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ನಮ್ಮ ಮನೆಗಳಿಗೂ ಇದರ ಸುತ್ತಮುತ್ತಲಿನ ಲೆಕ್ಕವೇ ಸರಿ. ಒಬ್ಬರೇ ಇದ್ದರೆ ನಾಲ್ಕು ಮಕ್ಕಳು, ಅವರಲ್ಲಿ ವರ್ಷ ತುಂಬದ ಕೂಸು ಒಂದು ಮಾತ್ರ. ದಿನವಿಡೀ ಜೊತೆಗಿರುವ ಸಹಾಯಕಿ ಇದ್ದರೆ ಆರು ಮಕ್ಕಳು, ಕೂಸುಗಳು ಎರಡು. ಸ್ವಂತ ಮಕ್ಕಳೂ ಮಧ್ಯಾಹ್ನ ಮೂರಕ್ಕೆ ಶಾಲೆಯಿಂದ ಬರುವ ದೊಡ್ಡ ಮಕ್ಕಳೂ ಈ ಲೆಕ್ಕಕ್ಕೆ ಸೇರಬೇಕು. ಅನುಮಾನವಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಡುಗೆಮನೆಯಲ್ಲಿ ಬೆಂಕಿ ಹತ್ತಿದರೆ ಇಷ್ಟೂ ಮಕ್ಕಳನ್ನು ಒಂದೇ ಸಲಕ್ಕೆ ಬಾಗಿಲಾಚೆ ತರಬಲ್ಲೆನೇ? ಎರಡನೇ ಸಲ ಒಳಗೆ ಹೋಗಬೇಕು ಎನಿಸಿದರೆ ಸಂಖ್ಯೆ ಹೆಚ್ಚಾಗಿದೆ ಎಂದೇ ಅರ್ಥ.

ಮನೆಯನ್ನು ಮಂಡಿಯೂರಿ ನೋಡಿ

ಮಗುವಿನ ಎತ್ತರಕ್ಕೆ ಇಳಿದು, ಮಂಡಿಯೂರಿ ಮನೆಯೆಲ್ಲ ಒಮ್ಮೆ ಓಡಾಡಿ. ನಿಂತಾಗ ಕಾಣದ ಸಾಕೆಟ್, ತೂಗುವ ವೈರು, ಸೋಫಾ ಕೆಳಗಿನ ಗುಂಡುಸೂಜಿ ಆಗ ಕಾಣುತ್ತವೆ.

ಮೊದಲು ನೀರು. ಸಂಪಿನ ಮುಚ್ಚಳಕ್ಕೆ ಬೀಗವಿರಲಿ. ಕಲ್ಲು ಹೇರಿದರೆ ಸಾಲದು, ಟ್ಯಾಂಕರಿನವರು ತೆಗೆದಿಟ್ಟು ಮರೆಯುತ್ತಾರೆ. ಬಚ್ಚಲಿನಲ್ಲಿ ತುಂಬಿದ ಬಕೆಟ್ ಬಿಡಬೇಡಿ. ಈಗಷ್ಟೇ ನಿಲ್ಲಲು ಕಲಿತ ಮಗುವಿಗೆ ತಲೆಯೇ ಭಾರ. ಬಕೆಟ್ಟಿಗೆ ಬಗ್ಗಿ ತಲೆಕೆಳಗಾದರೆ ಮೇಲೆ ಬರಲಾರದು, ಕೂಗಲೂ ಆಗದು. ಕೆಲವೇ ಅಂಗುಲ ನೀರು ಸಾಕು. ಬಚ್ಚಲ ಬಾಗಿಲಿಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಹೊರಗಿನಿಂದ ಚಿಲಕ ಹಾಕಿಸಿ.

ಬಾಲ್ಕನಿ, ಮಹಡಿ ಮೆಟ್ಟಿಲಿನ ಕಂಬಿಗಳ ನಡುವಿನ ಅಂತರ 10 ಸೆಂಟಿಮೀಟರ್ ಮೀರಬಾರದು. ಮೀರಿದರೆ ಬಲೆ ಕಟ್ಟಿಸಿ. ಅದರ ಪಕ್ಕ ಕುರ್ಚಿ, ಹೂಕುಂಡ ಇಡಬೇಡಿ, ಹತ್ತಲು ಅವೇ ಮೆಟ್ಟಿಲು. ಕರೆಂಟ್ ಬೋರ್ಡಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿತ ಮಾಡುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ತಿಳಿದುಕೊಳ್ಳಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಟಾಯ್ಲೆಟ್ ಆಸಿಡ್, ಫಿನಾಯಿಲ್ ಅನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಅದನ್ನು ಇಂದೇ ಬಿಡಿ. ಸೊಳ್ಳೆ ದ್ರವ, ಮಾತ್ರೆ, ರಿಮೋಟಿನ ಬಟನ್ ಬ್ಯಾಟರಿ ಎಲ್ಲವೂ ಬೀಗದ ಕಪಾಟಿಗೆ. ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಲು ಶುರುವಾಗುತ್ತದೆ. ನುಂಗಿದ ಅನುಮಾನವಿದ್ದರೂ ಕಾಯದೆ ಆಸ್ಪತ್ರೆಗೆ ಹೊರಡಿ.

ಅಡುಗೆಮನೆ ಬಾಗಿಲಿಗೆ ಮಗುವಿನ ಎದೆಯೆತ್ತರದ ಅಡ್ಡಗೇಟು ಬೇಕೇ ಬೇಕು. ಸಾರಿನ ಪಾತ್ರೆ, ಟೀ ಲೋಟ ನೆಲದ ಮೇಲೆ ಇಡಬಾರದು. ಸಣ್ಣ ಎಬಿಸಿ ಮಾದರಿಯ ಬೆಂಕಿ ಆರಿಸುವ ಸಿಲಿಂಡರ್ ಹೊರಬಾಗಿಲ ಬಳಿ ಇರಲಿ. ಒಲೆಯ ಪಕ್ಕದಲ್ಲಿದ್ದರೆ ಬೇಕಾದಾಗ ಅದರ ಹತ್ತಿರ ಹೋಗಲಾಗದು.

ನಿದ್ದೆ

ಒಂದು ವರ್ಷದವರೆಗೆ ಕೂಸನ್ನು ಅಂಗಾತವೇ ಮಲಗಿಸಬೇಕು, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ. ದಿಂಬು, ರಾಗಿ ದಿಂಬು, ಗೊಂಬೆ, ಮುಖಕ್ಕೆ ಬರುವ ದುಪ್ಪಟಿ ಯಾವುದೂ ಬೇಡ. ಮಲಗಿಸುವ ಮುನ್ನ ಕೊರಳಿನ ಕರಿಮಣಿ ಸರ, ತಾಯತ ತೆಗೆದಿಡಿ. ಇದನ್ನು ಸೇರಿಸಿಕೊಳ್ಳುವ ದಿನವೇ ಅಜ್ಜಿ-ತಾತನಿಗೂ ವಿವರಿಸಿದರೆ ಮುಂದೆ ಮನಸ್ತಾಪ ಬರುವುದಿಲ್ಲ. ಸೀರೆ ಜೋಲಿ ಹಗಲಿಡೀ ನಿದ್ದೆ ಮಾಡಿಸುವ ಜಾಗವಲ್ಲ: ಬಟ್ಟೆ ಮಡಚಿ ಮೂಗಿಗೆ ಒತ್ತಬಹುದು, ದೊಡ್ಡ ಮಗು ಹಗ್ಗಕ್ಕೆ ಸಿಕ್ಕಿಕೊಳ್ಳಬಹುದು. ಜೋಲಿಯಲ್ಲಿ ಕಣ್ಣು ಮುಚ್ಚಿದರೆ ಎತ್ತಿ ಹಾಸಿಗೆಗೆ ಹಾಕಿ. ಮಲಗಿದ ಕೂಸನ್ನು ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಹತ್ತಿರ ಹೋಗಿ, ಎದೆ ಏರಿಳಿಯುವುದನ್ನು ನೋಡಿ ಬನ್ನಿ.

ಹಾಲು, ಊಟ, ಔಷಧಿ

ತಾಯಿ ಹಿಂಡಿ ಕೊಟ್ಟ ಎದೆಹಾಲಿನ ಡಬ್ಬಿಗೆ ಮಗುವಿನ ಹೆಸರು, ಹಿಂಡಿದ ದಿನ, ಸಮಯ ಬರೆದಿರಬೇಕು. 25 ಡಿಗ್ರಿ ಸೆಲ್ಸಿಯಸ್‌ನೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಡ್ಜಿನ ಒಳಭಾಗದಲ್ಲಿ 4 ದಿನ ಇಡಬಹುದು. ಬಾಗಿಲಿನ ತಟ್ಟೆ ಬೇಡ, ಅಲ್ಲಿ ಬಿಸಿ ಏರಿಳಿಯುತ್ತದೆ. ಬೇಸಿಗೆಯಲ್ಲಿ ಬಂದ ಕೂಡಲೇ ಫ್ರಿಡ್ಜಿಗೆ ಹಾಕಿ. ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನ ಬೋಗುಣಿಯಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲೋ ಲೋಟದಲ್ಲೋ ಕುಡಿಸಿ. ಬಾಟಲಿಗಿಂತ ಇವನ್ನು ತೊಳೆದು ಕುದಿಸುವುದು ಸುಲಭ. ಕುಡಿದು ಉಳಿದ ಹಾಲು 2 ಗಂಟೆ ಕಳೆದ ಮೇಲೆ ಚೆಲ್ಲಬೇಕು.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಮೆತ್ತಗಿನ ಅನ್ನ-ಬೇಳೆ, ನುಣ್ಣಗೆ ಹಿಸುಕಿದ ತರಕಾರಿ. ಎರಡು ಮೂರು ಚಮಚದಿಂದ ಆರಂಭಿಸಿ ಎಂಟು ತಿಂಗಳ ಹೊತ್ತಿಗೆ ಸಲಕ್ಕೆ ಅರ್ಧ ಬಟ್ಟಲು, ವರ್ಷ ದಾಟಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು (ಬಟ್ಟಲೆಂದರೆ 250 ಮಿಲಿಲೀಟರ್). ನೀರಾಗಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ; ಚಮಚ ಓರೆ ಮಾಡಿದಾಗ ಸುಲಭಕ್ಕೆ ಜಾರದಷ್ಟು ಗಟ್ಟಿಯಿರಲಿ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಬಾಟ್ಯುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಬರಬಹುದು. ಬಜೆ, ಗ್ರೈಪ್ ವಾಟರ್, ಕಣ್ಣಿಗೆ ಕಾಡಿಗೆಯನ್ನು ಮನೆಯವರು ಏನೇ ಮಾಡಲಿ, ನಿಮ್ಮಲ್ಲಿ ಬೇಡ. ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಕ್ಯಾರೆಟ್ ಚೂರು, ಪಾಪ್‌ಕಾರ್ನ್ ಕೊಡಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಹೆಚ್ಚಿ.

ಗಂಟಲಿಗೆ ಸಿಕ್ಕಿ ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ: ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಾಗಿ ಹಿಡಿದು ಎರಡು ಭುಜದ ನಡುವೆ ಐದು ಪೆಟ್ಟು; ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ವರ್ಷ ದಾಟಿದವರಿಗೆ ಬೆನ್ನಿಗೆ ಐದು ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಒತ್ತು. ಹೊರಬರುವವರೆಗೆ ಎರಡನ್ನೂ ಬದಲಿಸುತ್ತ ಹೋಗಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಕಲಿಯಲಾಗದು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ, ಅಲ್ಲಿ ಗೊಂಬೆಯ ಮೇಲೆ ಕೈಯಾರೆ ಅಭ್ಯಾಸ ಮಾಡಿ ಬನ್ನಿ. ಈ ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ದುಡ್ಡು ಹಾಕಲು ಸಾಧ್ಯವಿದ್ದರೆ ಇದಕ್ಕೇ ಹಾಕಿ.

ವೈದ್ಯರ ಚೀಟಿ ಮತ್ತು ತಂದೆ-ತಾಯಿಯ ಸಹಿ ಇಲ್ಲದೆ ಯಾವ ಔಷಧಿಯನ್ನೂ ಹಾಕಬಾರದು. ಹೆಚ್ಚು ತಪ್ಪಾಗುವುದು ಪ್ಯಾರಾಸಿಟಮಾಲ್‌ನಲ್ಲಿ. ಸಾಮಾನ್ಯವಾಗಿ ಸಿಗುವ ಹನಿ ಔಷಧಿಯಲ್ಲಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಅಥವಾ 250. ಸಿರಪ್ಪೆಂದು ತಿಳಿದು ಹನಿಯನ್ನೇ 5 ಮಿಲಿಲೀಟರ್ ಕುಡಿಸಿದರೆ 120ರ ಬದಲು 500 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿ ಓದಿ, ಅದರ ಜೊತೆ ಬಂದ ಅಳತೆಯಲ್ಲೇ ಹಾಕಿ, ಸಮಯ ಬರೆದಿಡಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮಗುವನ್ನು, ದಿನಕ್ಕೆ ಮೂರು ಸಲ ಭೇದಿಯಾದ ಮಗುವನ್ನು ಅಂದು ಸೇರಿಸಿಕೊಳ್ಳಬೇಡಿ. ಔಷಧಿಯಿಲ್ಲದೆ 24 ಗಂಟೆ ಜ್ವರ ಬಿಟ್ಟಿರಬೇಕು. ಸೀತಾಳೆ ಸಿಡುಬಿನ (ಚಿಕನ್ ಪಾಕ್ಸ್) ಗುಳ್ಳೆಗಳು ಪೂರ್ತಿ ಹಕ್ಕಳೆ ಕಟ್ಟಬೇಕು. ರಜೆ ಸಿಗದ ತಾಯಿಗೆ ಇದು ಕಷ್ಟ, ನಿಜ. ಆದರೆ ಒಂದು ಮಗುವಿನಿಂದ ನಾಲ್ಕಕ್ಕೂ ಹರಡಿದರೆ ನಾಲ್ವರು ತಾಯಂದಿರ ಕೆಲಸ ಕೆಡುತ್ತದೆ. ಡೈಪರ್ ಬದಲಿಸುವ ಜಾಗ ಅಡುಗೆ-ಊಟದ ಜಾಗದಿಂದ ದೂರವಿರಲಿ, ಪ್ರತಿ ಸಲವೂ ಸೋಪು ಹಾಕಿ ನಿಮ್ಮ ಕೈಯನ್ನೂ ಮಗುವಿನ ಕೈಯನ್ನೂ 20 ಸೆಕೆಂಡು ತೊಳೆಯಿರಿ.

ದಿನ ಹೇಗೆ ಕಳೆಯಬೇಕು

ಟಿವಿ, ಮೊಬೈಲು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡು ವರ್ಷದೊಳಗೆ ಪರದೆಯೇ ಬೇಡ ಎನ್ನುತ್ತದೆ, ಆಮೇಲೆ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ವರ್ಷದೊಳಗಿನವರಿಗೆ ಯಾವ ತಿಂಗಳಲ್ಲಿ ಏನು ಆಡಿಸಬೇಕೆಂದು ಹೇಳುವ 36 ತಿಂಗಳ ಚಟುವಟಿಕೆ ಕ್ಯಾಲೆಂಡರ್ ಕೇಂದ್ರ ಸರ್ಕಾರದ ‘ನವಚೇತನ’ ಚೌಕಟ್ಟಿನಲ್ಲಿದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ಪಾತ್ರೆ, ಲೋಟ, ಬಟ್ಟೆ ತುಂಡು, ಮರಳು ಸಾಕು. ಮಾತು ಮಾತ್ರ ನಿಲ್ಲಬಾರದು. 3.2 ಸೆಂಟಿಮೀಟರಿಗಿಂತ ಸಣ್ಣ ಆಟಿಕೆ, ಬಿಡಿಭಾಗ ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು.

ಪುಸ್ತಕದಲ್ಲಿ ಬರೆಯಿರಿ

ಮಗುವಿಗೊಂದು ನೋಟ್‌ಬುಕ್ ಇಡಿ. ಬಂದ ಹೊತ್ತು, ಮೈಮೇಲಿದ್ದ ಗಾಯದ ಗುರುತು, ಕುಡಿದ ಹಾಲಿನ ಅಳತೆ, ತಿಂದದ್ದು, ಮೂತ್ರ-ಮಲ, ನಿದ್ದೆ, ಬಿದ್ದದ್ದು ಎಲ್ಲವೂ ಅದರಲ್ಲಿ. ಬೆಳಿಗ್ಗೆಯೇ ಇದ್ದ ತರಚುಗಾಯವನ್ನು ತಾಯಿಯ ಎದುರೇ ಬರೆದರೆ ಸಂಜೆ ಜಗಳವಿರುವುದಿಲ್ಲ. ಮೊದಲ ಪುಟದಲ್ಲಿ ತಾಯಿ ಕಾರ್ಡಿನ ಲಸಿಕೆ ಪುಟದ ಪ್ರತಿ, ಅಲರ್ಜಿ, ಇಬ್ಬರ ಫೋನ್ ನಂಬರು, ಕರೆದೊಯ್ಯಲು ಒಪ್ಪಿಗೆಯಿರುವ ಮೂವರ ಹೆಸರು-ಫೋಟೊ. ಆ ಮೂವರನ್ನು ಬಿಟ್ಟು ಚಿಕ್ಕಪ್ಪನೇ ಬಂದರೂ ತಾಯಿಗೆ ಫೋನ್ ಮಾಡಿ ಕೇಳದೆ ಮಗುವನ್ನು ಕೊಡಬೇಡಿ.

ಮನೆಯಲ್ಲಿ ಮಕ್ಕಳ ಹೊತ್ತಿನಲ್ಲಿ ಇರುವ ವಯಸ್ಕರು ಯಾರ್‍ಯಾರೆಂದು ಪೋಷಕರಿಗೆ ತಿಳಿಸಿ. ಸಹಾಯಕಿಗೂ ನಿಮಗೂ ಸೇವಾಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪತ್ರ ಮಾಡಿಸಿಟ್ಟುಕೊಳ್ಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂಬ ಶಂಕೆ ಬಂದರೆ ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

ಶುಲ್ಕ ಮತ್ತು ನೆರವು

ಉದಾಹರಣೆಗೆ ನಾಲ್ಕು ಮಕ್ಕಳಿಂದ ತಲಾ 5,000 ರೂಪಾಯಿ ಎಂದರೆ ತಿಂಗಳಿಗೆ 20,000. ಗ್ಯಾಸ್, ನೀರು, ಕರೆಂಟ್, ಸೋಪಿಗೆ 3,000. ಹಾಸಿಗೆ-ಆಟಿಕೆ ಬದಲಿಸಲು 1,000. ನಿಮ್ಮದೇ ಕಾಯಿಲೆ-ರಜೆಗೆಂದು 1,500 ತೆಗೆದಿಟ್ಟರೆ ಉಳಿಯುವುದು 14,500. ದಿನಕ್ಕೆ 10 ಗಂಟೆ, ತಿಂಗಳಿಗೆ 25 ದಿನವೆಂದರೆ ಗಂಟೆಗೆ 58 ರೂಪಾಯಿ. ಈ ಲೆಕ್ಕ ಮಾಡದವರೇ ಐದನೆಯ, ಆರನೆಯ ಮಗುವನ್ನು ಸೇರಿಸಿಕೊಳ್ಳುವುದು. ಶುಲ್ಕವನ್ನು ಇನ್ನೂ 500 ಏರಿಸಿ, ಸಂಖ್ಯೆಯನ್ನು ಮುಟ್ಟಬೇಡಿ. ಏಕೆ ಏರಿಸಿದಿರಿ ಎಂದು ಪೋಷಕರಿಗೆ ಲೆಕ್ಕವನ್ನೇ ತೋರಿಸಿ.

ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ಕಿರು ಉದ್ಯಮಗಳ ಪಟ್ಟಿಯಲ್ಲಿ ಶಿಶುಪಾಲನಾ ಕೇಂದ್ರವೂ ಇದೆ. ಗರಿಷ್ಠ 3 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲ, ಜೊತೆಗೆ ಸಹಾಯಧನ. ವರಮಾನದ ಮಿತಿಯನ್ನು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಗೇಟು, ಬಲೆ, ಹಾಸಿಗೆಯಷ್ಟೇ ಬೇಕಿದ್ದರೆ ಮುದ್ರಾದ ‘ಶಿಶು’ ವರ್ಗದ 50,000ದೊಳಗಿನ ಸಾಲ ಸಾಕು. ನಿಮಗೂ ಸಹಾಯಕಿಗೂ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮಾಡಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು, ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ಗಳು ಗ್ರಾಮೀಣ ಉದ್ಯೋಗ ಖಾತ್ರಿ ಕೂಲಿಗಳ ಮೂರು ವರ್ಷದೊಳಗಿನ ಮಕ್ಕಳಿಗಾಗಿ ನಡೆಯುತ್ತಿವೆ. ಅಲ್ಲಿನ ಆರೈಕೆದಾರರಿಗೆ ತರಬೇತಿಯಿದೆ. ನಗರದ ಬೇಬಿ ಸಿಟ್ಟಿಂಗ್ ಮನೆಗಳಿಗೂ ಅಂಥ ತರಬೇತಿಯನ್ನು ಸರ್ಕಾರ ತೆರೆದಿಡಬೇಕು. ಅಲ್ಲಿಯವರೆಗೆ ಒಂದೇ ಬಡಾವಣೆಯ ಎರಡು ಮೂರು ಮನೆಗಳವರು ಸೇರಿ ಮಾಡಬಹುದಾದ್ದು ಬಹಳ. ಪ್ರಥಮ ಚಿಕಿತ್ಸೆಗೆ ಒಟ್ಟಾಗಿ ಹೋಗಬಹುದು, ಒಬ್ಬರ ಮನೆಯನ್ನು ಇನ್ನೊಬ್ಬರು ಮಂಡಿಯೂರಿ ಪರೀಕ್ಷಿಸಬಹುದು. ಒಬ್ಬರಿಗೆ ಕಾಯಿಲೆಯಾದ ದಿನ ಅವರ ಮಕ್ಕಳನ್ನು ಹಂಚಿಕೊಳ್ಳುವುದಾದರೆ ಎಲ್ಲರೂ ಒಂದೊಂದು ಜಾಗ ಖಾಲಿ ಇಟ್ಟುಕೊಂಡಿರಬೇಕು, ಪೋಷಕರಿಗೆ ಆ ಮನೆಯನ್ನು ಮೊದಲೇ ತೋರಿಸಿರಬೇಕು. ಖಾಲಿ ಜಾಗವಿಲ್ಲದಿದ್ದರೆ ಅಂದು ರಜೆ ಎಂದು ಹಿಂದಿನ ರಾತ್ರಿಯೇ ತಿಳಿಸಿ, ಆ ದಿನದ ಶುಲ್ಕ ಕಳೆಯಿರಿ.