ಚೀಟಿ, ಗೂಡು, ತಗಡಿನ ಡಬ್ಬಿ: ಫ್ರೇಮ್ ಸ್ಟಾಕ್ ಕೈಗೆ ಸಿಕ್ಕಿದ್ದು ಹೀಗೆ

ಉಡುಪಿಯ ನಮ್ಮ ಕ್ಲಿನಿಕ್‌ನ ಗೋಡೆಯಲ್ಲಿ ಈಗ 480 ಗೂಡು, 480 ಕನ್ನಡಕದ ಫ್ರೇಮ್. ಮೊದಲು 900ರ ಹತ್ತಿರ ಇತ್ತು, ಅರ್ಧಕ್ಕರ್ಧ ಡ್ರಾಯರ್ ಒಳಗೆ. ಫ್ರೇಮ್ ಲೆಕ್ಕಕ್ಕೆ ಕಂಪ್ಯೂಟರ್ ಬಿಟ್ಟು ಕಾಗದದ ಚೀಟಿಗೆ ಬಂದಾಗ ಲೆಕ್ಕ ಬರೆಯುವವರೂ, ಇದೇ ಕಸುಬಿನ ಗೆಳೆಯರೂ ‘ಎರಡು ತಿಂಗಳು ನಡೆಯುವುದಿಲ್ಲ ಮಾರಾಯ್ರೆ’ ಎಂದರು. ಮೂರನೇ ವರ್ಷ ನಡೆಯುತ್ತಿದೆ. ಹೋದ ಆಟಿ ತಿಂಗಳ (ಜುಲೈ-ಆಗಸ್ಟ್) ಎಣಿಕೆಯಲ್ಲಿ ಕಡಿಮೆ ಬಿದ್ದದ್ದು ಎರಡೇ ಫ್ರೇಮ್.

ಮೊದಲು ಸೋತದ್ದು ಬಾರ್‌ಕೋಡ್ ಸ್ಟಿಕ್ಕರ್‌ನಲ್ಲಿ. ಜೂನ್ ಬಂದರೆ ಸಾಕು, ಅಂಟು ಮೆತ್ತಗಾಗಿ ಕಡ್ಡಿಗೆ ಮೆತ್ತಿಕೊಳ್ಳುತ್ತಿತ್ತು. ತಿನ್ನರ್‌ನಲ್ಲಿ ಒರೆಸಿ ಏಳೆಂಟು ಶೆಲ್ ಫ್ರೇಮ್‌ಗಳ ಹೊಳಪು ಕಳೆದೆ. ಶೆಲ್ ಎಂದರೆ ಅಸಿಟೇಟ್ ಪ್ಲಾಸ್ಟಿಕ್, ಅದಕ್ಕೆ ತಿನ್ನರ್ ವಿಷ. ಡಿಸ್ಪ್ಲೇ ದೀಪದ ಕೆಳಗಿದ್ದವುಗಳ ಅಕ್ಷರ ಆರೇ ತಿಂಗಳಲ್ಲಿ ಮಾಸಿತು. ಆಮೇಲೆ ಎಕ್ಸೆಲ್. ಶನಿವಾರದ ರಶ್ಶಿನಲ್ಲಿ ಫ್ರೇಮ್ ಲೆನ್ಸ್ ಫಿಟ್ಟಿಂಗ್‌ಗೆ ಹೋಗುತ್ತದೆ, ಎಂಟ್ರಿ ಸೋಮವಾರಕ್ಕೆ. ಅಷ್ಟರೊಳಗೆ ಫಿಟ್ಟಿಂಗ್‌ನಲ್ಲಿ ರಿಮ್ ಮುರಿದು ಅದೇ ಮಾಡೆಲ್‌ನ ಬೇರೆ ಬಣ್ಣ ಹಾಕಿ ಕೊಟ್ಟಾಗಿರುತ್ತದೆ. ಲೆಕ್ಕ ಕೆಡುವುದು ಕಳ್ಳತನಕ್ಕಿಂತ ಇಲ್ಲೇ ಹೆಚ್ಚು.

ಈಗ ಪ್ರತಿ ಫ್ರೇಮ್‌ಗೂ ಎರಡು ಸೆಂಟಿಮೀಟರ್‌ನ ದಪ್ಪ ಕಾಗದದ ಚೀಟಿ. ಅದರಲ್ಲಿ ಗೂಡಿನ ಸಂಖ್ಯೆ, ಅಳತೆ, ಕೊಂಡ ತಿಂಗಳು, ಅಸಲಿನ (ಕೊಂಡ ಬೆಲೆಯ) ಗುಟ್ಟಕ್ಷರ. ಒಂದೂ ಅಕ್ಷರ ಮರುಕಳಿಸದ ಹತ್ತು ಅಕ್ಷರಗಳ ಮಾತು ಹುಡುಕಿದರೆ 1ರಿಂದ 9, ಆಮೇಲೆ 0, ಒಂದೊಂದು ಅಂಕಿಗೂ ಒಂದೊಂದು ಅಕ್ಷರ ಸಿಕ್ಕಿತು; ನನ್ನ ಮಾತು ಯಾವುದೆಂದು ಬರೆಯಲಾರೆ. ಕಟ್ಟುವುದು ಮಲ್ಪೆಯಲ್ಲಿ ಸಿಗುವ ಗಾಳದ ನೈಲಾನ್ ದಾರದಲ್ಲಿ, ಹತ್ತಿ ನೂಲು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. (ಅದೇ ದಾರವನ್ನು, ಕೆಳಗೆ ರಿಮ್ ಇಲ್ಲದೆ ದಾರವೇ ಲೆನ್ಸ್ ಹಿಡಿಯುವ ಸುಪ್ರಾ ಫ್ರೇಮ್‌ಗೂ ಹಾಕಿ ನೋಡಿದೆ. ವಾರದೊಳಗೆ ಹಿಗ್ಗಿ ಲೆನ್ಸ್ ಸಡಿಲಾಯಿತು. ಸುಪ್ರಾಕ್ಕೆ ಸುಪ್ರಾ ದಾರವೇ ಬೇಕು.)

ಆರ್ಡರ್ ಬರೆದ ಕ್ಷಣವೇ ಚೀಟಿ ಕತ್ತರಿಸಿ ಡಬ್ಬಿಗೆ. ಮುಂಗಡ ಆಮೇಲೆ ತೆಗೆದುಕೊಂಡರೂ ಆಯಿತು, ಚೀಟಿ ಮೊದಲು. ಫಿಟ್ಟಿಂಗ್‌ನಲ್ಲಿ ಮುರಿದರೆ ಬದಲಿ ಫ್ರೇಮ್‌ನ ಚೀಟಿಯ ಮೇಲೆ ‘ಮುರಿತ’ ಎಂದು ಬರೆದು ಅದೂ ಡಬ್ಬಿಗೆ. ಸಂಜೆ ಬಿಲ್ ಎಷ್ಟು, ಚೀಟಿ ಎಷ್ಟು, ಖಾಲಿ ಗೂಡು ಎಷ್ಟು ಎಂದು ನೋಡುವುದಕ್ಕೆ ಹತ್ತು ನಿಮಿಷ ಸಾಕು. ತಾಳೆಯಾಗದಿದ್ದರೆ ಅಂದೇ ಹುಡುಕಬೇಕು, ಮರುದಿನಕ್ಕೆ ಬಿಟ್ಟರೆ ಸಿಗುವುದಿಲ್ಲ.

ಖರೀದಿ ಖಾಲಿ ಗೂಡಿಗೆ ಮಾತ್ರ. ಸಪ್ಲೈಯರ್ ಬ್ಯಾಗ್ ಬಿಚ್ಚುವ ಮೊದಲು ಡಬ್ಬಿಯ ಚೀಟಿಗಳು ಮೇಜಿನ ಮೇಲಿರುತ್ತವೆ. ಗೂಡು ಹಂಚಿರುವುದು ಬಣ್ಣ ನೋಡಿ ಅಲ್ಲ, ಅಳತೆ ಮತ್ತು ಬೆಲೆ ನೋಡಿ. ಕಣ್ಣಳತೆ, ಅಂದರೆ ಒಂದು ಲೆನ್ಸಿನ ಅಗಲ, 52-54 ಮಿಲಿಮೀಟರ್ ಇರುವವು ಹೆಚ್ಚುಕಡಿಮೆ ಅರ್ಧ. ದೊಡ್ಡ ಮೈನಸ್ ಪವರ್‌ನವರಿಗೆಂದೇ 46-48ರ ದುಂಡನೆಯ ಶೆಲ್ ಸುಮಾರು 25. ಕಣ್ಣಳತೆ ಚಿಕ್ಕದಾದಷ್ಟೂ ಲೆನ್ಸಿನ ಅಂಚು ತೆಳ್ಳಗೆ. ಪ್ರೋಗ್ರೆಸ್ಸಿವ್‌ಗೆ (ದೂರಕ್ಕೂ ಓದಿಗೂ ಒಂದೇ ಲೆನ್ಸ್) ಎತ್ತರ 30 ಮಿಲಿಮೀಟರ್‌ಗೆ ಕಡಿಮೆಯಿಲ್ಲದವು 120ರಷ್ಟು. ಫ್ಯಾಷನ್ ಎಂದು ಗಿಡ್ಡ ಫ್ರೇಮ್‌ಗಳನ್ನೇ ತುಂಬಿಸಿದ ವರ್ಷ ಪ್ರೋಗ್ರೆಸ್ಸಿವ್ ಗಿರಾಕಿ ಕೈತಪ್ಪಿದ್ದು ನಷ್ಟದಲ್ಲೇ ದೊಡ್ಡದು. ಫ್ರೇಮ್‌ನಲ್ಲಿ ಉಳಿಯುವುದಕ್ಕಿಂತ ಆ ಲೆನ್ಸ್‌ನಲ್ಲಿ ಉಳಿಯುವುದು ಹೆಚ್ಚು.

ಹೊಸದಾಗಿ ಬಂದ ಫ್ರೇಮ್‌ಗೆ ಚೀಟಿ ಕಟ್ಟುವ ದಾರದ ಬಣ್ಣ ಮೂರು ತಿಂಗಳಿಗೊಮ್ಮೆ ಬದಲು. ದೂರದಿಂದಲೇ ವಯಸ್ಸು ಗೊತ್ತಾಗುತ್ತದೆ. ಆರು ತಿಂಗಳಾದದ್ದು ಕಣ್ಣೆತ್ತರದ ಗೂಡಿಗೆ ಬರುತ್ತದೆ. ಒಂಬತ್ತಕ್ಕೆ ಸಪ್ಲೈಯರ್ ಜೊತೆ ಅದಲುಬದಲು. ಅವರನ್ನು ಒಪ್ಪಿಸುವ ಬಗೆ ನನ್ನಲ್ಲೇ ಇರಲಿ. ವರ್ಷ ದಾಟಿದರೆ ಒಂದೇ ಪವರ್‌ನ ಸಿಂಗಲ್ ವಿಷನ್ ಲೆನ್ಸ್ ಜೊತೆ ಅಸಲಿಗೇ ಕೊಡುತ್ತೇನೆ.

ದುಡ್ಡಿನ ಲೆಕ್ಕ ನೆನಪಿನಿಂದ: ಫ್ರೇಮ್‌ಗೆ ಸರಾಸರಿ 450 ರೂಪಾಯಿ ಹಿಡಿದರೆ ಮೊದಲು ನಾಲ್ಕು ಲಕ್ಷ ಗೋಡೆಗೆ ಅಂಟಿಕೊಂಡಿತ್ತು, ಈಗ ಎರಡು ಲಕ್ಷದ ಮೇಲೆ ಸ್ವಲ್ಪ. ತಿಂಗಳಿಗೆ 80 ಹೋಗುತ್ತಿದ್ದದ್ದು 95-100ಕ್ಕೆ ಏರಿತು. ಆಯ್ಕೆ ಕಡಿಮೆಯಾದರೆ ಗಿರಾಕಿ ಎದ್ದು ಹೋಗುತ್ತಾರೆ ಎಂದವರಿಗೆ ಈ ಲೆಕ್ಕ ತೋರಿಸಿದ್ದೇನೆ.

ಮಳೆಗಾಲದ ಕೆಲಸ ಬೇರೆಯೇ. ಮೊನೆಲ್ ಲೋಹದ ಫ್ರೇಮ್‌ಗಳ ಮೂಗಿನ ಪ್ಯಾಡ್ ಬುಡದಲ್ಲಿ ಹಸಿರು ಕಿಲುಬು ಏಳುತ್ತದೆ, ಅದರಲ್ಲಿ ತಾಮ್ರವಿದೆಯಲ್ಲ. ಮೇ ಕೊನೆಗೇ ಹಳದಿಯಾದ ಪ್ಯಾಡ್ ಬದಲಿಸಿ, ಸ್ಕ್ರೂಗಳಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ. ಡ್ರಾಯರ್‌ಗಳಲ್ಲಿ ತೇವ ಹೀರಲೆಂದು ನೀಲಿ ಸಿಲಿಕಾ ಜೆಲ್ ಇಟ್ಟದ್ದು ದಂಡ. ದಿನಾ ಡ್ರಾಯರ್ ತೆಗೆದು ಮುಚ್ಚುವುದರಿಂದ ಮೂರೇ ದಿನಕ್ಕೆ ತೇವ ತುಂಬಿ ಗುಲಾಬಿ. ರಬ್ಬರ್ ಅಂಚಿನ ಡಬ್ಬದಲ್ಲಾದರೆ ತಿಂಗಳು ತಡೆಯುತ್ತದೆ. ದುಬಾರಿ ರಿಮ್‌ಲೆಸ್ ಸ್ಪೇರ್‌ಗಳಿಗೆ ಮಾತ್ರ ಈಗ ಆ ಡಬ್ಬ.

ಮಕ್ಕಳ ಗೂಡು ಮಾಮೂಲಿಗೆ 40. ಶಾಲೆ ಶುರುವಾಗುವ ಮೊದಲು, ಏಪ್ರಿಲ್ ಕೊನೆಗೆ 60 ಮಾಡುತ್ತೇನೆ. ಆ ಇಪ್ಪತ್ತು ಗೂಡು ಬಿಟ್ಟುಕೊಡುವುದು ತಂಪು ಕನ್ನಡಕಗಳು, ಮಳೆಯಲ್ಲಿ ಅವನ್ನು ಕೇಳುವವರಿಲ್ಲ. ಚೌತಿ ಕಳೆದ ಮೇಲೆ ಮತ್ತೆ ಅವುಗಳ ಜಾಗ ಅವಕ್ಕೆ.