ಮೇಜಿನ ಮೇಲೆ ಎಫ್‌ಎಂ ಸ್ಟೀರಿಯೋ: ಕಿಟ್ ಜೋಡಿಸುವುದು ಹೇಗೆ?

ಪಾಲಿಟೆಕ್ನಿಕ್, ಐಟಿಐ, ಬಿಎಸ್‌ಸಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಪ್ರಾಜೆಕ್ಟ್ ಸಮಯ ಬಂದರೆ ಎರಡು ಪ್ರಶ್ನೆ ಕೇಳುತ್ತಾರೆ. ಎಫ್‌ಎಂ ಟ್ರಾನ್ಸ್‌ಮಿಟರ್ ನಾವೇ ಮಾಡಬಹುದಾ ಸರ್? ಎಷ್ಟು ದೂರ ಹೋಗುತ್ತದೆ?

ಮೊದಲನೆಯದಕ್ಕೆ ಉತ್ತರ, ಹೌದು. ಬೆಸುಗೆ ಹಾಕಲು ಬಂದರೆ ಒಂದು ಭಾನುವಾರದ ಕೆಲಸ. ಎರಡನೆಯ ಪ್ರಶ್ನೆಯನ್ನು ಮಾತ್ರ ಬಿಟ್ಟುಬಿಡಿ. ಈ ಕಿಟ್‌ನಲ್ಲಿ ಕಲಿಯುವ ವಿಷಯ ದೂರದ್ದಲ್ಲ, ಸ್ಟೀರಿಯೋದ್ದು. ಒಂದೇ ತರಂಗದ ಮೇಲೆ ಎಡಗಿವಿಯ ಹಾಡು, ಬಲಗಿವಿಯ ಹಾಡು ಎರಡೂ ಕಲೆಯದೆ ಹೇಗೆ ಹೋಗುತ್ತವೆ? ಅದು ಕೈಗೆ ಸಿಕ್ಕರೆ ಪ್ರಾಜೆಕ್ಟ್ ಗೆದ್ದ ಹಾಗೆ. ಪಕ್ಕದಲ್ಲಿಟ್ಟ ರೇಡಿಯೋದಲ್ಲಿ ಸ್ಟೀರಿಯೋ ದೀಪ ಹೊತ್ತಿತೋ ಇಲ್ಲವೋ, ಅಷ್ಟನ್ನೇ ನೋಡಿ.

ಮೊದಲು ಕಾಯ್ದೆ

ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಎಫ್‌ಎಂ ಪ್ರಸಾರ ಮಾಡುವುದು ಅಪರಾಧ. 1933ರ ವೈರ್‌ಲೆಸ್ ಕಾಯ್ದೆ ಇದ್ದಾಗಲೂ ಹಾಗೇ ಇತ್ತು, 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೂ ಹಾಗೇ ಇದೆ. ಬಿಹಾರದ ವೈಶಾಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುವ ಯುವಕನೊಬ್ಬ ತಾನೇ ಕಟ್ಟಿದ ಟ್ರಾನ್ಸ್‌ಮಿಟರ್‌ನಿಂದ ಊರಿಗೆಲ್ಲ ಹಾಡು ಕೇಳಿಸುತ್ತಿದ್ದ. ಜನ ತುಂಬಾ ಮೆಚ್ಚಿದ್ದರು. 2006ರಲ್ಲಿ ಸರ್ಕಾರ ಅದನ್ನು ಮುಚ್ಚಿಸಿತು.

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರವಾನಗಿ ಇದ್ದರೆ ನಡೆಯುತ್ತದಲ್ಲ ಅನ್ನುವವರಿದ್ದಾರೆ. ನಡೆಯುವುದಿಲ್ಲ. 12 ವರ್ಷ ತುಂಬಿದವರು ಪರೀಕ್ಷೆ ಬರೆದು ಹ್ಯಾಮ್ ಆಗಬಹುದು, ಆಗಲೇಬೇಕು ಅಂತ ನಾನು ಹೇಳುತ್ತೇನೆ. ಆದರೆ ಅವರಿಗೂ ಎಫ್‌ಎಂ ಬ್ಯಾಂಡ್ ಇಲ್ಲ, ಹಾಡು ಹಾಕುವ ಹಕ್ಕೂ ಇಲ್ಲ. ಊರಿಗೆ ಕೇಳಿಸಬೇಕು ಅಂತಿದ್ದರೆ ಸಮುದಾಯ ರೇಡಿಯೋ ದಾರಿ ಇದೆ. ಸಂಸ್ಥೆಗಳು ಅರ್ಜಿ ಹಾಕಿ ಪರವಾನಗಿ ಪಡೆಯುತ್ತವೆ, 100 ವ್ಯಾಟ್ ವರೆಗೆ ಅವಕಾಶ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೀಗೆಯೇ ರೈತರಿಗಾಗಿ ರೇಡಿಯೋ ನಡೆಸಿಕೊಂಡು ಬಂದಿದೆ.

ಹಾಗಾಗಿ ಇಲ್ಲಿ ಹೇಳುವ ಕಿಟ್‌ಗೆ ಆಂಟೆನಾ ಹಾಕುವುದೇ ಇಲ್ಲ. ಆ ಜಾಗದಲ್ಲಿ ರೆಸಿಸ್ಟರ್ ಕೂರುತ್ತದೆ. ಕೆಲಸವನ್ನು ಕಾಲೇಜಿನ ಲ್ಯಾಬ್‌ನಲ್ಲಿ, ನಿಮ್ಮ ಸರ್ ಅಥವಾ ಮೇಡಂಗೆ ತಿಳಿಸಿ ಮಾಡಿ. ಸಾಧನ ಇಟ್ಟುಕೊಳ್ಳುವುದಕ್ಕೂ ಕಾಯ್ದೆಯಲ್ಲಿ ನಿಯಮಗಳಿವೆ, ಲ್ಯಾಬ್‌ನಲ್ಲಿ ಮಾಡಿದರೆ ಎಲ್ಲರಿಗೂ ಕ್ಷೇಮ.

ನಮ್ಮೂರಿಗೇ ಸೇರಿದ ಇನ್ನೊಂದು ಕಾರಣವೂ ಇದೆ. ಎಫ್‌ಎಂ ಬ್ಯಾಂಡ್ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅಲ್ಲಿಂದ ಮೇಲೆ 137ರವರೆಗೆ ವಿಮಾನಗಳ ದಾರಿ ತೋರಿಸುವ ಸಂಕೇತ, ಪೈಲಟ್‌ಗಳ ಮಾತುಕತೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೇ ವಿಮಾನ ನಿಲ್ದಾಣ ಇದೆ. ಫಿಲ್ಟರ್ ಇಲ್ಲದ ಅಗ್ಗದ ಟ್ರಾನ್ಸ್‌ಮಿಟರ್‌ಗೆ ಬೂಸ್ಟರ್ ಜೋಡಿಸಿದರೆ ಅದು ಎಲ್ಲೆಲ್ಲಿ ಕಸ ಚೆಲ್ಲುತ್ತದೆ ಅಂತ ಹೇಳಲಾಗದು. ಕಿಟ್ ಜೊತೆ ಬೂಸ್ಟರ್ ಕೊಟ್ಟರೆ ಪೊಟ್ಟಣ ಬಿಚ್ಚಲೇಬೇಡಿ.

ಯಾವ ಕಿಟ್?

ಹೆಚ್ಚಿನ ಸ್ಟೀರಿಯೋ ಕಿಟ್‌ಗಳು ಬಿಎ1404 ಅನ್ನುವ ಐಸಿ ಮೇಲೆ ನಿಂತಿವೆ. ಜಪಾನಿನ ರೋಮ್ ಕಂಪನಿಯದು, 18 ಕಾಲಿನದು. ಕಂಪನಿ ಈಗ ಅದನ್ನು ತಯಾರಿಸುತ್ತಿಲ್ಲ, ಸಿಗುವುದು ಹಳೇ ಸ್ಟಾಕ್ ಇಲ್ಲವೇ ನಕಲು. ಅದಕ್ಕೇ ಎರಡು ಐಸಿ ತರಿಸಿಡಿ, ಬೋರ್ಡಿಗೆ ನೇರ ಬೆಸೆಯದೆ ಸಾಕೆಟ್ ಹಾಕಿ. ಇದಕ್ಕೆ ಒಂದೇ ಒಂದು ಪೆನ್ಸಿಲ್ ಸೆಲ್ ಸಾಕು, 1.5 ವೋಲ್ಟ್. 3 ವೋಲ್ಟ್ ದಾಟಿಸಬೇಡಿ. 9 ವೋಲ್ಟ್ ಬ್ಯಾಟರಿ ಸಿಕ್ಕಿಸಿದರೆ ಐಸಿ ಅಲ್ಲಿಗೆ ಮುಗಿಯಿತು.

ಕಿಟ್ ಬಂದ ಕೂಡಲೇ ಒಂದು ಸಾಮಾನು ಹುಡುಕಿ. ಅಕ್ಕಿಕಾಳಿನ ಗಾತ್ರದ, ಬೆಳ್ಳಿ ಬಣ್ಣದ ಪುಟ್ಟ ಕೊಳವೆ, ಎರಡು ಸಣ್ಣ ಕಾಲು. ಅದೇ ಕ್ರಿಸ್ಟಲ್. ಅದರ ಮೇಲೆ 38 ಅಂತ ಇರಬೇಕು, ಅಂದರೆ 38 ಕಿಲೋಹರ್ಟ್ಸ್. ಗೋಡೆ ಗಡಿಯಾರದ ಒಳಗಿರುವ ಕ್ರಿಸ್ಟಲ್ ನೋಡಲು ಥೇಟ್ ಹೀಗೇ ಇರುತ್ತದೆ, ಆದರೆ ಅದು 32.768 ಕಿಲೋಹರ್ಟ್ಸ್‌ನದು. ಪೊಟ್ಟಣದಲ್ಲಿ ಅದು ಬಂದುಬಿಟ್ಟರೆ ಹಾಡು ಕೇಳಿಸಬಹುದು, ಸ್ಟೀರಿಯೋ ದೀಪ ಮಾತ್ರ ಜನ್ಮದಲ್ಲಿ ಹೊತ್ತುವುದಿಲ್ಲ. ಅಕ್ಷರ ತೀರಾ ಸಣ್ಣದು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಓದಿ.

ಉಳಿದಂತೆ 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ತೆಳು ಬೆಸುಗೆ ತಂತಿ, ಕಟ್ಟರ್, ಮಲ್ಟಿಮೀಟರ್. ಜೊತೆಗೆ ಇಯರ್‌ಫೋನ್ ಹಾಕಲು ಬರುವ, ಸ್ಟೀರಿಯೋ ಗುರುತು ತೋರಿಸುವ ಒಂದು ಎಫ್‌ಎಂ ರೇಡಿಯೋ. ಒಂದೇ ಸ್ಪೀಕರ್‌ನಲ್ಲಿ ಕೇಳಿದರೆ ಮಾಡಿದ್ದೆಲ್ಲ ದಂಡ.

ಎರಡು ಕಿವಿಯ ಲೆಕ್ಕ

ಇದನ್ನು ತಿಳಿಯದೆ ಬೆಸುಗೆ ಹಾಕಲು ಕೂರಬೇಡಿ. ಅಮೆರಿಕದಲ್ಲಿ 1961ರಲ್ಲಿ ಒಪ್ಪಿಕೊಂಡ ಪದ್ಧತಿ ಇದು, ನಾವೂ ಅದನ್ನೇ ಬಳಸುತ್ತೇವೆ. ಆಗ ಜನರ ಮನೆಯಲ್ಲಿ ಇದ್ದದ್ದೆಲ್ಲ ಮೋನೋ ರೇಡಿಯೋ. ಹೊಸ ಪ್ರಸಾರ ಅದರಲ್ಲೂ ಸರಿಯಾಗಿ ಕೇಳಬೇಕು, ಹೊಸ ರೇಡಿಯೋ ಕೊಂಡವರಿಗೆ ಎರಡು ಕಿವಿಗೂ ಬೇರೆ ಬೇರೆ ಕೇಳಬೇಕು. ಹೇಗೆ?

ಒಂದು ಸಂಗೀತ ಕಛೇರಿ ಅಂದುಕೊಳ್ಳಿ. ಎಡಗಡೆ ತಬಲಾ, ಬಲಗಡೆ ಹಾರ್ಮೋನಿಯಂ. ಒಂದು ಗಳಿಗೆಯಲ್ಲಿ ಎಡದ ಸದ್ದು 7, ಬಲದ್ದು 3. ಟ್ರಾನ್ಸ್‌ಮಿಟರ್ ಇವನ್ನು ಹಾಗೇ ಕಳಿಸುವುದಿಲ್ಲ. ಕೂಡಿಸಿ 10 ಮಾಡುತ್ತದೆ, ಕಳೆದು 4 ಮಾಡುತ್ತದೆ. ಮೋನೋ ರೇಡಿಯೋ 10ನ್ನು ಮಾತ್ರ ತೆಗೆದುಕೊಳ್ಳುತ್ತದೆ, ಅದರಲ್ಲಿ ತಬಲಾ ಹಾರ್ಮೋನಿಯಂ ಎರಡೂ ಇವೆ. ಸ್ಟೀರಿಯೋ ರೇಡಿಯೋ 10ಕ್ಕೆ 4 ಕೂಡಿಸಿ 14, ಅರ್ಧ ಮಾಡಿದರೆ 7. ಹತ್ತರಲ್ಲಿ 4 ಕಳೆದರೆ 6, ಅರ್ಧ ಮಾಡಿದರೆ 3. ಎಡ ಎಡಕ್ಕೆ, ಬಲ ಬಲಕ್ಕೆ. ಎಷ್ಟು ಚೆಂದದ ಲೆಕ್ಕ ಅಲ್ವಾ?

ಕೂಡಿಸಿದ ಸದ್ದು 15 ಕಿಲೋಹರ್ಟ್ಸ್ ಒಳಗೆ ಇರುತ್ತದೆ. ಕಳೆದ ಸದ್ದನ್ನು 38 ಕಿಲೋಹರ್ಟ್ಸ್ ಮೇಲೆ ಕೂರಿಸಿ ಮೇಲಕ್ಕೆ ಎತ್ತುತ್ತಾರೆ. ಅದು 23ರಿಂದ 53 ಕಿಲೋಹರ್ಟ್ಸ್ ನಡುವೆ ಹೋಗಿ ಕೂರುತ್ತದೆ, ಕಿವಿಗೆ ಕೇಳುವುದಿಲ್ಲ. ಆದರೆ 38ರ ತರಂಗವನ್ನೇ ಕಳಿಸಿದರೆ ಸುಮ್ನೆ ಶಕ್ತಿ ಖರ್ಚು. ಅದಕ್ಕೆ ಅದನ್ನು ಅದುಮಿ, ಅದರ ಸರಿ ಅರ್ಧ, 19 ಕಿಲೋಹರ್ಟ್ಸ್‌ನ ಒಂದು ಸಣ್ಣ ಸದ್ದನ್ನು ಜೊತೆಗೆ ಬಿಡುತ್ತಾರೆ. ಇದಕ್ಕೆ ಪೈಲಟ್ ಅಂತ ಹೆಸರು. ರೇಡಿಯೋ ಈ 19ನ್ನು ಕಂಡರೆ ದೀಪ ಹೊತ್ತಿಸುತ್ತದೆ, ಅದನ್ನು ದುಪ್ಪಟ್ಟು ಮಾಡಿ 38 ಪಡೆದು ಮೇಲಿನ ಗಂಟು ಬಿಚ್ಚುತ್ತದೆ.

ಗಡಿಯಾರದ ಕ್ರಿಸ್ಟಲ್ ಯಾಕೆ ಆಗದು ಅಂತ ಈಗ ತಿಳಿಯಿತಲ್ಲ. ಅದರ ಅರ್ಧ 16.384. ರೇಡಿಯೋ ಕಾಯುವುದು 19ಕ್ಕೆ.

ಬೆಸುಗೆ

ಕುಳ್ಳ ಸಾಮಾನು ಮೊದಲು, ಎತ್ತರದ್ದು ಕೊನೆಗೆ. ರೆಸಿಸ್ಟರ್, ಐಸಿ ಸಾಕೆಟ್, ಡಿಸ್ಕ್ ಕೆಪಾಸಿಟರ್, ಎಲೆಕ್ಟ್ರೋಲಿಟಿಕ್, ಜ್ಯಾಕ್, ಕೊನೆಗೆ ಕ್ರಿಸ್ಟಲ್. ಪ್ರತಿ ರೆಸಿಸ್ಟರನ್ನೂ ಮೀಟರ್‌ನಲ್ಲಿ ಅಳೆದು ಹಾಕಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೆಂಪು, ಕಿತ್ತಳೆ ಪಟ್ಟಿ ಒಂದೇ ಥರ ಕಾಣುತ್ತವೆ. ಡಿಸ್ಕ್ ಕೆಪಾಸಿಟರ್ ಮೇಲೆ 102 ಅಂತಿದ್ದರೆ 1 ನ್ಯಾನೋಫ್ಯಾರಡ್, 103 ಅಂದರೆ 10, 104 ಅಂದರೆ 100. ಎಲೆಕ್ಟ್ರೋಲಿಟಿಕ್‌ನ ಉದ್ದ ಕಾಲು ಪ್ಲಸ್.

ಐರನ್ ತುದಿಯಿಂದ ಬೋರ್ಡಿನ ತಾಮ್ರವನ್ನೂ ಸಾಮಾನಿನ ಕಾಲನ್ನೂ ಒಟ್ಟಿಗೆ ಕಾಯಿಸಿ, ಆಮೇಲೆ ತಂತಿ ಮುಟ್ಟಿಸಿ. ಬೆಸುಗೆ ಹರಿದು ಕಾಲನ್ನು ಹತ್ತಿ ಹೊಳೆಯಬೇಕು. ಗುಂಡಗೆ, ಮಂಕಾಗಿ ಕೂತರೆ ಅದು ಹಿಡಿದಿಲ್ಲ, ಮತ್ತೆ ಕಾಯಿಸಿ. ಕ್ರಿಸ್ಟಲ್‌ಗೆ ಮಾತ್ರ ಜಾಸ್ತಿ ಹೊತ್ತು ಕಾವು ಕೊಡಬೇಡಿ. ಮಾಮೂಲಿ ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ. ಚಹಾ ಕುಡಿಯುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ.

ಎಡ, ಬಲ ಎರಡು ಇನ್‌ಪುಟ್‌ನಲ್ಲೂ ಒಂದು ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ ಒಂದು ಕೆಪಾಸಿಟರ್ ಇರುತ್ತವೆ. ಇವು ಹಾಡಿನ ಕೀರಲು ಭಾಗವನ್ನು ಮೊದಲೇ ಎತ್ತಿ ಕಳಿಸುತ್ತವೆ, ರೇಡಿಯೋ ಅದನ್ನು ಇಳಿಸುವಾಗ ಜೊತೆಗೆ ಸೇರಿದ ಗುಸುಗುಸು ಸದ್ದೂ ಇಳಿಯುತ್ತದೆ. ಎತ್ತುವ ಅಳತೆ ನಮ್ಮಲ್ಲಿ 50 ಮೈಕ್ರೋಸೆಕೆಂಡ್, ಅಮೆರಿಕದಲ್ಲಿ 75. 47 ಕಿಲೋಓಮ್‌ಗೆ 1 ನ್ಯಾನೋಫ್ಯಾರಡ್ ಇದ್ದರೆ ಗುಣಿಸಿ ನೋಡಿ, 47 ಮೈಕ್ರೋಸೆಕೆಂಡ್. ನಮಗೆ ಸಾಕು. ಅಮೆರಿಕಕ್ಕೆಂದು ಮಾಡಿದ ಕಿಟ್ ಆದರೆ ಹಾಡು ಕೀಚು ಕೀಚಾಗಿ ಕೇಳುತ್ತದೆ, ಆಗ ಈ ರೆಸಿಸ್ಟರ್ ಬದಲಿಸಿ.

ಕಾಯಿಲ್ ಸುತ್ತುವುದು ನೀವೇ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಎನಾಮೆಲ್ ತಂತಿಯ ತುಂಡು ಸಿಗುತ್ತದೆ. ಕಿಟ್‌ನ ಹಾಳೆಯಲ್ಲಿ ಹೇಳಿದಷ್ಟು ದಪ್ಪದ ಡ್ರಿಲ್ ಬಿಟ್ ಮೇಲೆ, ಹೇಳಿದಷ್ಟೇ ಸುತ್ತು. ತುದಿಗಳನ್ನು ಬ್ಲೇಡ್‌ನಿಂದ ಕೆರೆದು ತಾಮ್ರ ಕಾಣಿಸಿದ ಮೇಲೆ ಬೆಸೆಯಿರಿ. ಮೇಲಿನ ಲೇಪ ಹೋಗದಿದ್ದರೆ ಬೆಸುಗೆ ಕೂತ ಹಾಗೆ ಕಾಣುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ಎಷ್ಟೋ ಕಿಟ್‌ಗಳು ಸುಮ್ಮನಿರುವುದು ಇಲ್ಲಿಯೇ.

ಇನ್ನು ಆಂಟೆನಾ ಅಂತ ಬರೆದ ತೂತು. ಅಲ್ಲಿಂದ ಗ್ರೌಂಡ್‌ಗೆ 100 ಓಮ್‌ನ ಎರಡು ರೆಸಿಸ್ಟರ್‌ಗಳನ್ನು ಪಕ್ಕಪಕ್ಕ ಬೆಸೆಯಿರಿ. ಎರಡೂ ಸೇರಿ 50 ಓಮ್. ಕಾಲು ಆದಷ್ಟು ಗಿಡ್ಡ ಇರಲಿ. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದೇ ಒಂದು ಕಾಯಿಲ್ ಆಗಿಬಿಡುತ್ತದೆ. ಟ್ರಾನ್ಸ್‌ಮಿಟರ್‌ನ ಮಿಲಿವ್ಯಾಟ್ ಲೆಕ್ಕದ ಶಕ್ತಿಯೆಲ್ಲ ಇದರಲ್ಲಿ ಬಿಸಿಯಾಗಿ ಹೋಗುತ್ತದೆ. ಸೋರುವ ಚೂರುಪಾರು ಪಕ್ಕದ ರೇಡಿಯೋಗೆ ಧಾರಾಳ ಸಾಕು.

ಸೆಲ್ ಹಾಕಿದ ಮೇಲೆ

ಮೊದಲು ರೇಡಿಯೋದಲ್ಲಿ ಖಾಲಿ ಜಾಗ ಹುಡುಕಿ. ಧಾರವಾಡ ಆಕಾಶವಾಣಿಯ ವಿವಿಧ ಭಾರತಿ 103ರಲ್ಲಿ ಬರುತ್ತದೆ, ಅದರಿಂದ ದೂರ ಇರಿ. ಬೇರೆ ಸ್ಟೇಷನ್‌ಗಳಿಂದಲೂ ಅಷ್ಟೇ. 108ರ ಹತ್ತಿರಕ್ಕಂತೂ ಹೋಗಲೇಬೇಡಿ. ಯಾವ ಸ್ಟೇಷನ್ನೂ ಇಲ್ಲದೆ ಬರೀ ಸುಂಯ್ ಅನ್ನುವ ಕಡೆ ಬಿಡಿ.

ಹಾಡು ಈಗಲೇ ಬೇಡ. ಸೆಲ್ ಹಾಕಿ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಕೆಪಾಸಿಟರ್) ಮೆಲ್ಲಗೆ ತಿರುಗಿಸಿ. ಒಂದು ಕಡೆ ಆ ಸುಂಯ್ ಸದ್ದು ತಟ್ಟನೆ ನಿಂತು ಮೌನವಾಗುತ್ತದೆ. ಅದೇ ನಿಮ್ಮ ತರಂಗ. ಕಬ್ಬಿಣದ ಸ್ಕ್ರೂಡ್ರೈವರ್ ಬಳಸಬೇಡಿ, ಹತ್ತಿರ ತಂದರೆ ಫ್ರೀಕ್ವೆನ್ಸಿ ಓಡುತ್ತದೆ, ಕೈ ತೆಗೆದರೆ ಮತ್ತೆಲ್ಲೋ ಹೋಗುತ್ತದೆ. ಉರಿದು ಉಳಿದ ಊದುಬತ್ತಿ ಕಡ್ಡಿಯ ತುದಿ ಚಪ್ಪಟೆ ಮಾಡಿಕೊಂಡರೆ ಸಾಕು. ಟ್ರಿಮ್ಮರ್ ಪೂರ್ತಿ ತಿರುಗಿಸಿದರೂ ಜಾಗಕ್ಕೆ ಬರದಿದ್ದರೆ ಅದೇ ಕಡ್ಡಿಯಿಂದ ಕಾಯಿಲ್ ಸುತ್ತುಗಳನ್ನು ಚೂರು ಬಿಡಿಸಿ. ಬಿಡಿಸಿದರೆ ಫ್ರೀಕ್ವೆನ್ಸಿ ಏರುತ್ತದೆ, ಒತ್ತಿದರೆ ಇಳಿಯುತ್ತದೆ.

ಎರಡು ಮೂರು ಕಡೆ ಮೌನ ಸಿಕ್ಕರೆ ಗಾಬರಿ ಬೇಡ. ರೇಡಿಯೋ ತೀರಾ ಹತ್ತಿರ ಇದೆ ಅಷ್ಟೇ. ಮೇಜಿನ ಆ ತುದಿಗೆ ಸರಿಸಿ, ಅದರ ಏರಿಯಲ್ ಮಡಚಿ. ಸುಳ್ಳು ಜಾಗಗಳು ಮಾಯವಾಗಿ ನಿಜವಾದದ್ದು ಉಳಿಯುತ್ತದೆ.

ಈಗ ದೀಪ ನೋಡಿ. ಹಾಡು ಇಲ್ಲದಿದ್ದರೂ ಪೈಲಟ್ ಹೋಗುತ್ತಿರುತ್ತದೆ, ಹಾಗಾಗಿ ಸ್ಟೀರಿಯೋ ಗುರುತು ಬರಲೇಬೇಕು. ಬರಲಿಲ್ಲವಾ? ಐಸಿಯ 5 ಮತ್ತು 6ನೇ ಕಾಲಿನ ನಡುವೆ ಕ್ರಿಸ್ಟಲ್ ಇದೆ, ಅದರ ಬೆಸುಗೆ ನೋಡಿ. ಆಮೇಲೆ 13ನೇ ಕಾಲು. ಪೈಲಟ್ ಹೊರಬರುವುದು ಅಲ್ಲಿಂದ. ಅದು ರೆಸಿಸ್ಟರ್ ದಾಟಿ 14ರಿಂದ ಬಂದ ಹಾಡಿನ ಜೊತೆ ಸೇರಿ 12ಕ್ಕೆ ಹೋಗಬೇಕು. ಕಾಲೇಜಿನಲ್ಲಿ ಆಸಿಲೋಸ್ಕೋಪ್ ಇದ್ದರೆ 13ನೇ ಕಾಲಿಗೆ ಹಿಡಿದು 19 ಕಿಲೋಹರ್ಟ್ಸ್ ಕಣ್ಣಾರೆ ನೋಡಿ. ಪಠ್ಯದಲ್ಲಿ ಓದಿದ್ದು ಪರದೆಯ ಮೇಲೆ ಬಂದಾಗ ಆಗುವ ಖುಷಿಯೇ ಬೇರೆ.

ದೀಪ ಹೊತ್ತಿದ ಮೇಲೆ ಫೋನ್ ಜೋಡಿಸಿ, ವಾಲ್ಯೂಮ್ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಎಫ್‌ಎಂನಲ್ಲಿ ತರಂಗ ಆಚೆ ಈಚೆ 75 ಕಿಲೋಹರ್ಟ್ಸ್ ಮಾತ್ರ ತೂಗಬೇಕು. ಅತಿಯಾದರೆ ಸದ್ದು ಒಡೆಯುತ್ತದೆ. ಎಡ ಬಲ ಪರೀಕ್ಷಿಸುವ ಆಡಿಯೋ ಹಾಕಿ. ಎಡದ ಸದ್ದು ಎಡಗಿವಿಗೆ ಗಟ್ಟಿಯಾಗಿ, ಬಲಗಿವಿಗೆ ತೀರಾ ಸಣ್ಣಗೆ ಕೇಳಬೇಕು. 16, 17ನೇ ಕಾಲಿಗೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಕೊಟ್ಟಿದ್ದರೆ ಅದು 38 ಕಿಲೋಹರ್ಟ್ಸನ್ನು ಅದುಮಲು ಇರುವ ಬ್ಯಾಲೆನ್ಸ್. ಇದನ್ನು ಹಾಡು ನಿಲ್ಲಿಸಿ ಹೊಂದಿಸಬೇಕು, ಸ್ಕೋಪ್‌ನಲ್ಲಿ 38 ಅತಿ ಕಡಿಮೆ ಆಗುವಲ್ಲಿಗೆ ತಂದು ಬಿಡಿ.

ಎಡಬಲ ಕೇಳಿಸಿತು, ಆದರೆ ಹಿಂದೆ ಗುಸುಗುಸು ಇದೆಯಾ? ರೇಡಿಯೋವನ್ನು ಮೋನೋಗೆ ಹಾಕಿ ನೋಡಿ, ಕಡಿಮೆಯಾಗುತ್ತದೆ. ಎಫ್‌ಎಂನಲ್ಲಿ ಮೇಲೆ ಮೇಲೆ ಹೋದಷ್ಟೂ ಗದ್ದಲ ಜಾಸ್ತಿ. ಕಳೆದ ಸದ್ದು ಕೂತಿರುವುದು ಆ ಮೇಲಿನ ಜಾಗದಲ್ಲೇ. ದೊಡ್ಡ ಸ್ಟೇಷನ್ನಾದರೂ ದೂರದ ಊರಿನಲ್ಲಿ ಕೇಳುವಾಗ ಮೋನೋದಲ್ಲಿ ಚೊಕ್ಕಟ, ಸ್ಟೀರಿಯೋದಲ್ಲಿ ಗುಸುಗುಸು ಆಗುವುದು ಇದರಿಂದಲೇ. ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು ಮಾತ್ರ ಬೇರೆ, ಅದು ಫೋನ್ ಚಾರ್ಜಿಗೆ ಹಾಕಿದ್ದರಿಂದ. ವೈರ್ ಕಿತ್ತರೆ ಹೋಗುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಸ್ಟೇಷನ್ ಜಾರುವುದು ಈ ಕಿಟ್‌ನ ಹುಟ್ಟುಗುಣ. ಫ್ರೀಕ್ವೆನ್ಸಿ ಕಾಯಿಲ್ ಮೇಲೆ ನಿಂತಿದೆ. ಫ್ಯಾನ್ ಗಾಳಿ, ಬಿಸಿಲು, ಹತ್ತಿರ ಬಂದ ಕೈ, ಇಳಿಯುವ ಸೆಲ್ ಎಲ್ಲಕ್ಕೂ ಅದು ಅಲುಗುತ್ತದೆ. ಕಾಯಿಲ್ ಮೇಲೆ ಚೂರು ಮೇಣ ಸುರಿದು, ಬೋರ್ಡನ್ನು ತಗಡಿನ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಯನ್ನು ಗ್ರೌಂಡ್‌ಗೆ ಬೆಸೆದರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಪೂರ್ತಿ ನಿಲ್ಲಬೇಕೆಂದರೆ ಮುಂದಿನ ಸಲ ಅದೇ ಕಂಪನಿಯ ಬಿಎಚ್1417 ಐಸಿಯ ಕಿಟ್ ಹಿಡಿಯಿರಿ. ಅದರಲ್ಲಿ 7.6 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದು ಫ್ರೀಕ್ವೆನ್ಸಿಯನ್ನು ಬೀಗ ಹಾಕಿ ಹಿಡಿಯುತ್ತದೆ, ಸಣ್ಣ ಸ್ವಿಚ್‌ಗಳಿಂದ 14 ಚಾನೆಲ್ ಆರಿಸಬಹುದು. ಅವುಗಳಲ್ಲಿ 7 ಚಾನೆಲ್ 106.7ರಿಂದ 107.9ರವರೆಗೆ ಇವೆ, ವಿಮಾನದ ಬ್ಯಾಂಡಿಗೆ ಅಂಟಿಕೊಂಡೇ. ಅವನ್ನು ಮುಟ್ಟಬೇಡಿ, ಕೆಳಗಿನ 7ರಲ್ಲಿ ಒಂದನ್ನು ಆರಿಸಿ. 50 ಓಮ್ ರೆಸಿಸ್ಟರ್ ಅಲ್ಲೂ ಬೇಕು. ಅದರ ಕಾಲುಗಳು ಬೋರ್ಡಿನ ಮೇಲ್ಮೈಗೇ ಅಂಟುವಂಥವು, ಬಹಳ ಒತ್ತೊತ್ತಾಗಿವೆ. ಚೂಪು ತುದಿಯ ಐರನ್ ಮೊದಲೇ ತೆಗೆದಿಟ್ಟುಕೊಳ್ಳಿ.