ಹಲಸಿನ ಹಣ್ಣಿಗೆ ಅರ್ಧ ಟಿಕೆಟ್

ಮಕ್ಕಳಿಗಾಗಿ ನಗೆಯ ಕಥೆಗಳನ್ನು ಬರೆದು ಅವುಗಳಿಗೆ ಚಿತ್ರಗಳನ್ನೂ ನಾನೇ ಬಿಡಿಸುತ್ತ ಬಂದಿರುವುದರಿಂದ, ಮೊದಲು ಹುಟ್ಟುವುದು ಕಥೆಯೋ ಚಿತ್ರವೋ ಎಂದು ಹಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಎರಡೂ ಅಲ್ಲ. ಮೊದಲು ಹೊಳೆಯುವುದು ಒಂದು ತಲೆಕೆಳಗಾದ ಸನ್ನಿವೇಶ. ಅದರಲ್ಲಿ ಮಾತಿನ ಪಾಲೆಷ್ಟು, ಗೆರೆಯ ಪಾಲೆಷ್ಟು ಎಂದು ತೀರ್ಮಾನಿಸುವುದೇ ಆಮೇಲಿನ ಕೆಲಸವೆಲ್ಲ. ಈ ಪಾಲುಪಟ್ಟಿಯಲ್ಲಿ ನಾನು ಬಿಡದೆ ಅನುಸರಿಸುವ ನಿಯಮ ಒಂದೇ: ಮಾತು ಗಂಭೀರವಾಗಿರಬೇಕು, ಚಿತ್ರ ಅದರ ಬೆನ್ನ ಹಿಂದೆ ಕಿತಾಪತಿ ಮಾಡುತ್ತಿರಬೇಕು. ಅಕ್ಷರ ಓದಲು ಬಾರದ ಮಗುವೂ ಚಿತ್ರವನ್ನು ಓದಬಲ್ಲದು. ಎದುರಿಗೆ ಪುಸ್ತಕ ಹಿಡಿದು ಓದಿ ಹೇಳುತ್ತಿರುವ ದೊಡ್ಡವರ ಬಾಯಲ್ಲಿ ಬಾರದ ಸಂಗತಿಯೊಂದು ತನ್ನ ಕಣ್ಣಿಗೆ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಅದಕ್ಕೆ ಹುಟ್ಟುವ ಹಿಗ್ಗೇ ನಗುವಾಗಿ ಹೊರಬರುತ್ತದೆ.

ಇದು ಕೆಲಸದಲ್ಲಿ ಹೇಗೆ ನಡೆಯುತ್ತದೆಂಬುದನ್ನು ನನ್ನದೇ ಒಂದು ಪುಸ್ತಕದಿಂದ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ಉಡುಪಿಯಲ್ಲಿರುವ ಮಗಳ ಮನೆಗೆ ದೊಡ್ಡದೊಂದು ಹಲಸಿನ ಹಣ್ಣನ್ನು ಬಸ್ಸಿನಲ್ಲಿ ಒಯ್ಯುತ್ತಾರೆ. ಹಣ್ಣು ಕಾಲ ಬಳಿ ಹಿಡಿಸುವುದಿಲ್ಲವಾದ್ದರಿಂದ ಅದಕ್ಕೆ ಬೈರಾಸು (ಮೈ ಒರೆಸುವ ಬಟ್ಟೆ) ಸುತ್ತಿ ಪಕ್ಕದ ಸೀಟಿನಲ್ಲಿ ಕೂರಿಸುತ್ತಾರೆ. ಕಂಡಕ್ಟರ್ ಬಂದು, “ಅಜ್ಜೀ, ಸೀಟು ಹಿಡಿದ ಮೇಲೆ ಇದಕ್ಕೂ ಟಿಕೆಟ್ ಬೇಕಲ್ಲ?” ಎನ್ನುತ್ತಾನೆ. “ಅರ್ಧ ಟಿಕೆಟ್ ಕೊಡು ಮಾರಾಯ, ಅದಕ್ಕಿನ್ನೂ ವರ್ಷ ತುಂಬಿಲ್ಲ” ಎನ್ನುತ್ತಾರೆ ಅಜ್ಜಿ. ಬಸ್ಸು ಆಗುಂಬೆ ಘಾಟಿ ಇಳಿಯುತ್ತದೆ. ಮಾತಿನಲ್ಲಿ ಇರುವುದು ಇಷ್ಟೇ: ಯಾವ ತಿರುವಿನಲ್ಲಿ ಬಸ್ಸು ಯಾವ ಕಡೆ ವಾಲಿತು, ಎಲ್ಲಿ ಮಳೆ ಬಂತು, ಕಿಟಕಿಗಳನ್ನು ಯಾವಾಗ ಮುಚ್ಚಿದರು. ಸರ್ಕಾರಿ ವರದಿಯಂತಹ ಈ ವಾಕ್ಯಗಳ ಮೇಲೆ ಚಿತ್ರದಲ್ಲಿ ನಡೆಯುವುದೇ ಬೇರೆ. ಕಿಟಕಿ ಮುಚ್ಚಿದ ಬಸ್ಸಿನೊಳಗೆ ಪ್ರತಿ ಪುಟಕ್ಕೂ ಒಂದೊಂದು ಮೂಗು ಹಣ್ಣಿನ ಕಡೆಗೆ ತಿರುಗುತ್ತದೆ, ಯಾರದೋ ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ಇಣುಕುತ್ತದೆ, ಇನ್ಯಾರೋ ಅಂಗಿಯ ತೋಳು ಮಡಿಸಿಕೊಳ್ಳುತ್ತಾರೆ. ಉಡುಪಿಯಲ್ಲಿ ಮಗಳ ಕೈ ಸೇರುವುದು ಬೈರಾಸಿನ ತುಂಬ ಬೀಜ. “ಹಣ್ಣು ಸುಖವಾಗಿ ಊರು ತಲುಪಿತು” ಎಂದು ವಾಕ್ಯ ಹೇಳುತ್ತದೆ. ಮೇಣ ಅಂಟಿದ ಬೆರಳುಗಳಿಂದ ಟಿಕೆಟ್ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತಿರುವ ಕಂಡಕ್ಟರ್ ಚಿತ್ರದಲ್ಲಿದ್ದಾನೆ.

ಈ ಪುಸ್ತಕದಲ್ಲಿ ‘ಘಮಘಮ’ ಎಂಬ ಮಾತನ್ನು ನಾನು ಒಮ್ಮೆಯೂ ಬರೆಯಲಿಲ್ಲ. ಕನ್ನಡದಲ್ಲಿ ಮಕ್ಕಳ ನಗೆ ಬಹುಮಟ್ಟಿಗೆ ಕಿವಿಯಿಂದ ಬೆಳೆದು ಬಂದದ್ದು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರಾಗಲಿ (1874–1937), ಜಿ. ಪಿ. ರಾಜರತ್ನಂ ಅವರಾಗಲಿ ಮಕ್ಕಳ ನಾಲಿಗೆಯ ಮೇಲೆ ಕುಣಿಯುವ ಸದ್ದನ್ನು ಚೆನ್ನಾಗಿ ಬಲ್ಲವರು; ಅವರ ಪದ್ಯಗಳು ಚಿತ್ರವಿಲ್ಲದೆಯೂ ಮೂರು ತಲೆಮಾರಿಗೆ ಬಾಯಿಪಾಠವಾದವು. ಆ ಸಂಪತ್ತಿನ ಬಗ್ಗೆ ನನಗೆ ಗೌರವವಿದೆ, ಆಸೆಯೂ ಇದೆ. ಆದರೆ ಚಿತ್ರಪುಸ್ತಕದಲ್ಲಿ ಹನ್ನೊಂದು ಮೂಗುಗಳು ಒಂದೇ ಕಡೆ ತಿರುಗಿರುವಾಗ ಪರಿಮಳವನ್ನು ಮತ್ತೆ ಮಾತಿನಲ್ಲಿ ಹೇಳಿದರೆ ಎರಡರಲ್ಲೊಂದು ದಂಡ. ಬರೆದ ಕರಡನ್ನು ಎದುರಿಗಿಟ್ಟುಕೊಂಡು, ಚಿತ್ರ ತೋರಿಸಬಲ್ಲ ಪ್ರತಿಯೊಂದು ವಿಶೇಷಣವನ್ನೂ ಹೊಡೆದುಹಾಕುತ್ತ ಹೋಗುವುದು ನನ್ನ ಎರಡನೆಯ ಹಂತ. ಬರೆದವರು ಒಬ್ಬರು, ಬಿಡಿಸುವವರು ಇನ್ನೊಬ್ಬರು ಆಗಿದ್ದರೆ ಈ ಕತ್ತರಿ ಪ್ರಯೋಗಕ್ಕೆ ಸಂಕೋಚ ಅಡ್ಡ ಬರುತ್ತದೆ. ಎರಡೂ ನಾನೇ ಆಗಿರುವುದರ ದೊಡ್ಡ ಲಾಭ ಇದೇ ಎಂದು ನನ್ನ ಎಣಿಕೆ.

ಆಮೇಲೆ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ. ಎ4 ಹಾಳೆಗಳನ್ನು ಆರು ತೆಗೆದುಕೊಂಡು ಒಟ್ಟಿಗೆ ಮಡಚಿದರೆ 24 ಪುಟಗಳ ಪುಟ್ಟ ಪುಸ್ತಕವಾಗುತ್ತದೆ. ನಡುವೆ ಪಿನ್ ಹೊಡೆದು ಹೊಲಿಯುವ ಪುಸ್ತಕದ ಪುಟಸಂಖ್ಯೆ ನಾಲ್ಕರ ಗುಣಕದಲ್ಲೇ ಇರಬೇಕಾದ್ದರಿಂದ ಕಥೆ ಎಷ್ಟೇ ಎಳೆದಾಡಿದರೂ ಈ ಅಳತೆಯೊಳಗೇ ಮುಗಿಯಬೇಕು. ಶೀರ್ಷಿಕೆಗೊಂದು, ಪ್ರಕಾಶಕರ ವಿವರಗಳಿಗೊಂದು ಪುಟ ಹೋದ ಮೇಲೆ ಮೂರನೆಯ ಪುಟ ಒಂಟಿಯಾಗಿ ಬಲಗಡೆ ನಿಲ್ಲುತ್ತದೆ; ನಾಲ್ಕರಿಂದ ಇಪ್ಪತ್ತಮೂರರವರೆಗೆ ಹತ್ತು ಜೋಡಿಪುಟಗಳು; ಕೊನೆಯ ಪುಟ ಮತ್ತೆ ಒಂಟಿ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವುಗಳಿವೆ, ನನ್ನ ಬಳಿ ಇದ್ದದ್ದು ಹತ್ತು ಜೋಡಿಪುಟ. ಭೂಗೋಳಕ್ಕೆ ನಿಷ್ಠನಾಗಿರುವುದೋ ಕಥೆಗೋ ಎಂಬ ಪ್ರಶ್ನೆಗೆ ನಾನು ತಡಮಾಡದೆ ಕಥೆಯ ಪರ ವಹಿಸಿದೆ.

ಡಮ್ಮಿಯಲ್ಲಿ ನಾನು ನೋಡುವ ಮುಖ್ಯ ಸಂಗತಿ ಪುಟ ತಿರುವುವ ಜಾಗ. ಬಲಪುಟದ ಕೊನೆಯಲ್ಲಿ ಕುತೂಹಲ, ತಿರುವಿದ ಕೂಡಲೇ ಎಡಪುಟದಲ್ಲಿ ನಗೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಈ ಕೆಲಸಕ್ಕೆಂದೇ ಇದ್ದಂತಿದೆ. “ಅಜ್ಜಿ ಹಣ್ಣನ್ನು ಎತ್ತಿ, ಬೈರಾಸು ಸುತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ” ಎಂದು ಬಲಪುಟ ಮುಗಿಯುತ್ತದೆ. ಓದುವವರು ಸಹಜವಾಗಿಯೇ ಒಂದು ಉಸಿರು ನಿಲ್ಲುತ್ತಾರೆ. ಪುಟ ತಿರುವಿದರೆ “ಕೂರಿಸಿದರು” ಎಂಬ ಒಂದೇ ಶಬ್ದ, ಅದರ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತ ಹಣ್ಣು.

ಆ ಹಣ್ಣಿಗೆ ಕಣ್ಣು, ಬಾಯಿ ಬರೆಯಿರಿ, ಮಕ್ಕಳಿಗೆ ಇಷ್ಟವಾಗುತ್ತದೆ ಎಂದು ಸಲಹೆ ಕೊಟ್ಟವರು ಇದ್ದರು. ನಾನು ಒಪ್ಪಲಿಲ್ಲ. ಮುಖವಿಲ್ಲದ ಹಲಸಿನ ಹಣ್ಣು ಪ್ರಯಾಣಿಕನಂತೆ ಕುಳಿತಿರುವುದು ತಮಾಷೆ. ಮುಖ ಬಂದರೆ ಅದೂ ಒಂದು ಗೊಂಬೆಯಾಗುತ್ತದೆ, ಗೊಂಬೆ ಸೀಟಿನಲ್ಲಿ ಕೂರುವುದರಲ್ಲಿ ಆಶ್ಚರ್ಯವೇನಿಲ್ಲ. ಹಣ್ಣಿನ ಮನಸ್ಥಿತಿಯನ್ನೆಲ್ಲ ಬೈರಾಸಿನ ಗಂಟಿನಿಂದಲೂ ಅದು ವಾಲುವ ಕೋನದಿಂದಲೂ ತೋರಿಸಿದೆ. ಮೈಮೇಲಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿದರೆ ಚಿತ್ರ ಮುಳ್ಳುಹಂದಿಯ ಕಡೆಗೆ ಹೊರಳುತ್ತದೆ. ಅಂಚಿನ ಮುಳ್ಳುಗಳನ್ನು ಮಾತ್ರ ನಿಬ್ಬಿನಿಂದ ಚೂಪಾಗಿ ಎಳೆದು, ನಡುವೆ ಹಸಿರು ಆರುವ ಮೊದಲೇ ಕಂದು ಬಣ್ಣದ ಚುಕ್ಕಿಗಳನ್ನು ಬಿಟ್ಟರೆ ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಗೆರೆಗೆ ನೀರಿಗೆ ಕದಡದ ಕಪ್ಪು ಮಸಿ, ಬಣ್ಣಕ್ಕೆ ಜಲವರ್ಣ, ದಪ್ಪನೆಯ 300 ಜಿಎಸ್‌ಎಂ ಕಾಗದ. ನನ್ನ ಸರಂಜಾಮು ಇದಕ್ಕಿಂತ ದೊಡ್ಡದಲ್ಲ.

ಹಣ್ಣಿಗಿಂತ ಹೆಚ್ಚು ಕಾಡಿದ್ದು ಬಸ್ಸು. ಕನ್ನಡ ಎಡದಿಂದ ಬಲಕ್ಕೆ ಓದುವ ಬರಹ, ಆದ್ದರಿಂದ ಚಿತ್ರದಲ್ಲಿ ಪ್ರಯಾಣವೂ ಎಡದಿಂದ ಬಲಕ್ಕೆ ಸಾಗಿದರೆ ಪುಟ ಮುಂದೆ ತಿರುಗುತ್ತದೆ. ಆದರೆ ಹಾಗೆ ಸಾಗುವ ಬಸ್ಸಿನ ಬಲಮಗ್ಗುಲು ಮಾತ್ರ ನಮಗೆ ಕಾಣುತ್ತದೆ. ನಮ್ಮ ದೇಶದ ಬಸ್ಸುಗಳಲ್ಲಿ ಬಲಗಡೆ ಚಾಲಕ ಕೂರುತ್ತಾನೆ, ಪ್ರಯಾಣಿಕರು ಹತ್ತುವ ಬಾಗಿಲಿರುವುದು ಎಡಗಡೆ. ಅಂದರೆ ಅಜ್ಜಿ ಹಣ್ಣನ್ನು ಹೊತ್ತು ಬಸ್ಸು ಹತ್ತುವ ದೃಶ್ಯವೇ ಬಸ್ಸಿನ ಆಚೆ ಮಗ್ಗುಲಿಗೆ ಹೋಗಿಬಿಡುತ್ತದೆ! ಬಾಗಿಲನ್ನು ಈಚೆಗೆ ತಂದರೆ ಯಾರು ಗಮನಿಸುತ್ತಾರೆ ಎನ್ನುವವರು ಮಕ್ಕಳನ್ನು ಅರಿಯದವರು. ಕೊನೆಗೆ ಹತ್ತುವ ದೃಶ್ಯವನ್ನು ಬಸ್ಸಿನೊಳಗಿನಿಂದ ಬರೆದೆ: ಮೆಟ್ಟಿಲಿನಲ್ಲಿ ಮೊದಲು ಹಣ್ಣು ಕಾಣುತ್ತದೆ, ಅದರ ಕೆಳಗೆ ಅಜ್ಜಿಯ ಎರಡು ಕಾಲು, ಅಜ್ಜಿಯ ಮುಖವೇ ಇಲ್ಲ. ಸರಿಯಾದ ಜಾಗದಲ್ಲಿರುವ ಬಾಗಿಲು ನನಗೆ ಪುಸ್ತಕದ ಅತ್ಯುತ್ತಮ ಚಿತ್ರವನ್ನು ಕೊಟ್ಟಿತು. ಮುಂದಿನ ಪುಟಗಳಲ್ಲಿ ಬಸ್ಸಿನ ಒಂದು ಗೋಡೆಯನ್ನೇ ತೆಗೆದು ಒಳಗನ್ನು ತೋರಿಸಿದ್ದೇನೆ, ಹಾಗೂ ಬಸ್ಸು ಬಲಕ್ಕೆ ತಿರುಗಿದಾಗ ಜನವೂ ಹಣ್ಣೂ ಎಡಕ್ಕೆ ವಾಲುವಂತೆ ಪ್ರತಿ ತಿರುವಿನಲ್ಲೂ ಎಚ್ಚರ ವಹಿಸಿದ್ದೇನೆ.

ಪೆನ್ಸಿಲ್ ಡಮ್ಮಿ ಸಿದ್ಧವಾದ ಮೇಲೆ ಅದನ್ನು ಸರ್ಕಾರಿ ಶಾಲೆಗಳ ನಲಿಕಲಿ ತರಗತಿಗಳಿಗೆ ಒಯ್ದು ಓದುತ್ತೇನೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ಕೂರುವುದರಿಂದ ಓದಬಲ್ಲವರೂ ಬಾರದವರೂ ಒಂದೇ ಕಡೆ ಸಿಗುತ್ತಾರೆ. “ಇಷ್ಟವಾಯಿತೇ?” ಎಂದು ನಾನು ಎಂದೂ ಕೇಳುವುದಿಲ್ಲ, ಮೇಷ್ಟರು ಪಕ್ಕದಲ್ಲಿರುವಾಗ ಇಷ್ಟವಾಗಲಿಲ್ಲ ಎನ್ನುವ ಮಗು ಇಲ್ಲ. ಯಾವ ಪುಟದಲ್ಲಿ ಕೈಗಳು ಚಿತ್ರದ ಕಡೆ ಚಾಚುತ್ತವೆ, ಎಲ್ಲಿ ಹಿಂದಿನ ಸಾಲಿನವರು ಎದ್ದು ನಿಲ್ಲುತ್ತಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತೇನೆ. ಒಂದು ಶಾಲೆಯಲ್ಲಿ ಪುಟ್ಟ ಹುಡುಗಿಯೊಬ್ಬಳು, “ಡ್ರೈವರಿಗೆ ವಾಸನೆ ಬರಲ್ವಾ?” ಎಂದು ಕೇಳಿದಳು. ಘಾಟಿಯಲ್ಲಿ ಚಾಲಕ ಹಿಂದೆ ತಿರುಗಿ ನೋಡುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಅವನ ತಲೆಯ ಮೇಲಿನ ಕನ್ನಡಿಯಲ್ಲಿ ಅಗಲವಾಗಿ ಅರಳಿದ ಮೂಗಿನ ಹೊಳ್ಳೆಗಳು ಕಾಣುವಂತೆ ಬರೆದೆ. ಅಚ್ಚಾದ ಮೇಲೆ ಹೆಚ್ಚು ಮಕ್ಕಳು ಬೆರಳಿಟ್ಟು ತೋರಿಸುವುದು ಆ ಕನ್ನಡಿಯನ್ನೇ.

“ಇದರಲ್ಲಿ ನೀತಿ ಏನು?” ಎಂಬ ಪ್ರಶ್ನೆ ಮಾತ್ರ ದೊಡ್ಡವರಿಂದಲೇ ಬರುವುದು. ನನ್ನಲ್ಲಿ ಉತ್ತರವಿಲ್ಲ, ಹುಡುಕುವ ಉತ್ಸಾಹವೂ ಇಲ್ಲ. ನಗೆಗೆ ನಾನು ಹಾಕಿಕೊಂಡಿರುವ ಕಟ್ಟುಪಾಡು ಬೇರೆ ಬಗೆಯದು: ದಪ್ಪ ಮೈ, ಕಪ್ಪು ಬಣ್ಣ, ತೊದಲು ಮಾತು, ಬಡವನ ಹರಿದ ಬಟ್ಟೆ ಇವು ನಗೆಯ ಸಾಮಗ್ರಿಯಲ್ಲ. ತರಗತಿಯಲ್ಲಿ ಅಂಥ ಮಗು ಒಂದಾದರೂ ಇರುತ್ತದೆ, ಪುಸ್ತಕ ಮುಚ್ಚಿದ ಮೇಲೂ ಉಳಿದವರು ಅದರ ಕಡೆ ನೋಡಿ ನಗುತ್ತಾರೆ.

ಅಚ್ಚುಮನೆಯ ವಿಷಯ ಹೇಳದಿದ್ದರೆ ಈ ಅನುಭವ ಅರ್ಧವಾಗುತ್ತದೆ. ತಾವೇ ಬರೆದು ತಾವೇ ಚಿತ್ರಿಸುತ್ತಿದ್ದ ಬಂಗಾಳದ ಸುಕುಮಾರ್ ರಾಯ್ ಮುದ್ರಣವನ್ನು ಕಲಿಯಲೆಂದೇ 1911ರಲ್ಲಿ ಇಂಗ್ಲೆಂಡಿಗೆ ಹೋಗಿದ್ದರು. ಅವರ ತಂದೆ ಉಪೇಂದ್ರಕಿಶೋರ್, ಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚುಹಾಕುವ ಹಾಫ್‌ಟೋನ್ ಬ್ಲಾಕುಗಳ ತಂತ್ರದಲ್ಲಿ ಪರಿಣತರು. ಅಷ್ಟು ದೂರ ಹೋಗದಿದ್ದರೂ ಯಂತ್ರದ ಪಕ್ಕ ನಿಂತು ಕಲಿಯುವುದು ಬಹಳವಿದೆ. ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟು ಇರುವ ನಾಲ್ಕು ಬಣ್ಣದ ಮುದ್ರಣದಲ್ಲಿ ಹಲಸಿನ ತೊಳೆಯ ಹಳದಿ ಚೆನ್ನಾಗಿ ಬರುತ್ತದೆ, ಮಳೆಗಾಲದ ಎಳೆ ಹಸಿರು ಮಾತ್ರ ಮಂಕಾಗುತ್ತದೆ. ಅದನ್ನು ತಿಳಿದೇ ಕಾಡಿನ ಪುಟಗಳಲ್ಲಿ ಹಳದಿಯನ್ನು ಹೆಚ್ಚು ಬಳಸಿದೆ. ಅಕ್ಷರಗಳನ್ನು ಎಂದಿಗೂ ಕಪ್ಪಿನಲ್ಲೇ ಇಡುತ್ತೇನೆ. ಅದೇ ಪುಸ್ತಕ ತೆಲುಗಿನಲ್ಲೋ ತಮಿಳಿನಲ್ಲೋ ಬರುವುದಾದರೆ ಆಗ ಕಪ್ಪಿನ ಪ್ಲೇಟೊಂದನ್ನು ಬದಲಾಯಿಸಿದರೆ ಸಾಕು, ಉಳಿದ ಮೂರು ಹಾಗೇ ಇರುತ್ತವೆ, ಖರ್ಚು ಇಳಿಯುತ್ತದೆ. ಬಣ್ಣದ ಅಕ್ಷರ ಅಥವಾ ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಳಸಿದರೆ ಈ ಅನುಕೂಲ ತಪ್ಪುತ್ತದೆ. ಅನುವಾದದ ವಾಕ್ಯ ಕನ್ನಡಕ್ಕಿಂತ ಉದ್ದವಾಗಬಹುದು ಎಂದು ಪಠ್ಯದ ಜಾಗವನ್ನು ತುಸು ಧಾರಾಳವಾಗಿಯೇ ಬಿಡುತ್ತೇನೆ. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆಯೂ ಹೆಚ್ಚು ಅಂತರ ಬೇಕು. ಇಂಗ್ಲಿಷ್ ಪುಟದ ಅಳತೆಯನ್ನು ಹಾಗೇ ತಂದು ಕೂರಿಸಿದ ಪುಸ್ತಕಗಳಲ್ಲಿ ಹೊಸದಾಗಿ ಓದಲು ಕಲಿತ ಮಗು ‘ತ್ತ’ ಎಲ್ಲಿ ಮುಗಿಯಿತು, ಕೆಳಗಿನ ಸಾಲು ಎಲ್ಲಿ ಶುರುವಾಯಿತು ಎಂದು ತಡಕಾಡುವುದನ್ನು ನೋಡಿದ್ದೇನೆ.

ಹಣದ ಮಾತು ಚಿಕ್ಕದು. ಮಕ್ಕಳ ಪುಸ್ತಕವನ್ನೇ ನಂಬಿ ಮನೆ ನಡೆಯುವುದಿಲ್ಲ. ಪಠ್ಯಪುಸ್ತಕಗಳ ಚಿತ್ರ, ಪತ್ರಿಕೆಗಳ ಕೆಲಸ, ಕಥೆ ಹೇಳುವ ಶಿಬಿರಗಳು ಸೇರಿ ವರ್ಷ ಸಾಗುತ್ತದೆ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಸ್ತಕ ಆಯ್ಕೆಯಾದರೆ ಪ್ರಕಾಶಕರು ಮುಂದಿನದಕ್ಕೆ ಧೈರ್ಯ ಮಾಡುತ್ತಾರೆ. ಒಂದೇ ಬಾರಿಗೆ ಸಂಭಾವನೆ ಕೊಟ್ಟು ಎಲ್ಲ ಹಕ್ಕುಗಳನ್ನೂ ಕೊಳ್ಳುವ ಒಪ್ಪಂದಗಳಿಗೆ ಈಗ ನಾನು ಸಹಿ ಹಾಕುವುದಿಲ್ಲ: ಕಥೆಯ ಅನುವಾದಕ್ಕೆ ಬೇರೆ, ಚಿತ್ರಗಳ ಮರುಬಳಕೆಗೆ ಬೇರೆ ಎಂದು ಬರೆಸಿಕೊಳ್ಳುತ್ತೇನೆ, ಮೂಲ ಚಿತ್ರಗಳನ್ನು ಸ್ಕ್ಯಾನ್ ಆದ ಮೇಲೆ ವಾಪಸು ತರುತ್ತೇನೆ. ಈ ಕೆಲಸಕ್ಕೆ ಬರುವ ಕಿರಿಯರು ನಿಬ್ಬು ಯಾವುದು, ಕಾಗದ ಯಾವುದು ಎಂದು ಕೇಳುವಾಗಲೆಲ್ಲ ನಾನು ಮೊದಲು ತೆಗೆದು ತೋರಿಸುವುದು ಆ ಒಪ್ಪಂದದ ಪತ್ರವನ್ನು.